ನಿಯಂತ್ರಣ ಬೋರ್ಡು: ದೋಷಪತ್ತೆ ಮತ್ತು ಬದಲಾವಣೆ

ವಾಣಿಜ್ಯ ಬಳಕೆಯ ಯಂತ್ರದಲ್ಲಿ ಮೋಟಾರು, ಹೀಟರು, ಕಂಪ್ರೆಸರು, ವಾಲ್ವುಗಳು ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ತೀರ್ಮಾನಿಸುವ ಎಲೆಕ್ಟ್ರಾನಿಕ್ ಮಂಡಲವೇ ನಿಯಂತ್ರಣ ಬೋರ್ಡು. ಆಡುಮಾತಿನಲ್ಲಿ ಬೋರ್ಡು, ಕಾರ್ಡು, ಪಿಸಿಬಿ ಎಂಬ ಹೆಸರುಗಳಿವೆ. ಯಂತ್ರ ನಿಂತಾಗ ಮೊದಲು ಕೇಳಿಬರುವ ಮಾತು 'ಬೋರ್ಡು ಹೋಗಿದೆ' ಎಂಬುದು. ಆದರೆ ಬೋರ್ಡು ತಾನಾಗಿ ಕೆಡುವುದಕ್ಕಿಂತ ಹೊರಗಿನಿಂದ ಬಂದ ಪೆಟ್ಟಿಗೆ ಕೆಡುವುದೇ ಹೆಚ್ಚು. ಆ ಪೆಟ್ಟು ಎಲ್ಲಿಂದ ಬಂತೆಂದು ನೋಡದೆ ಹೊಸ ಬೋರ್ಡು ಕೂರಿಸಿದರೆ ಅದೂ ಹಳೆಯದರ ದಾರಿ ಹಿಡಿಯುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಬದಲಾವಣೆಗಿಂತ ದೋಷಪತ್ತೆಗೆ ಹೆಚ್ಚಿನ ಮಹತ್ವ.

ಪ್ರದೇಶ ಮತ್ತು ಬಳಕೆ

ಈ ಬೋರ್ಡುಗಳನ್ನು ಇಲ್ಲಿ ದಕ್ಷಿಣ ಕನ್ನಡದ ಹಳ್ಳಿಗಳ ಹಿನ್ನೆಲೆಯಲ್ಲಿ ನೋಡಲಾಗಿದೆ. ಉದಾಹರಣೆಗೆ, ಜಿಲ್ಲೆಯ ಸುಳ್ಯ ತಾಲೂಕಿನ ಆಲೆಟ್ಟಿ ಗ್ರಾಮ ಸುಳ್ಯ ಪೇಟೆಗೆ ಹತ್ತಿರ, ಕೇರಳದ ಗಡಿಗೂ ಹತ್ತಿರ. ಅಡಿಕೆ, ತೆಂಗು, ರಬ್ಬರು ಇಲ್ಲಿನ ಬೆಳೆಗಳು. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕುಗಳ ಹಳ್ಳಿಗಳಲ್ಲಿ ದುಡಿಮೆಯ ಯಂತ್ರಗಳು ಬಹುಮಟ್ಟಿಗೆ ಒಂದೇ ಬಗೆಯವು: ತೋಟದ ಪಂಪಿನ ಪ್ಯಾನೆಲು, ಅಡಿಕೆ ಸುಲಿಯುವ ಯಂತ್ರ, ಹಾಳೆ ತಟ್ಟೆ ಯಂತ್ರ, ಹಿಟ್ಟಿನ ಗಿರಣಿ, ಹೋಟೆಲಿನ ಡೀಪ್ ಫ್ರೀಜರು, ಹಾಲಿನ ಸೊಸೈಟಿಯ ಶೀತಲ ಘಟಕ, ಎಲೆಕ್ಟ್ರಾನಿಕ್ ತಕ್ಕಡಿ. ಪುತ್ತೂರಿನಲ್ಲಿ ಕ್ಯಾಂಪ್ಕೊ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ 1986ರಿಂದ ನಡೆಯುತ್ತಿದೆ. ಅಂಥ ದೊಡ್ಡ ಕಾರ್ಖಾನೆ ತನ್ನದೇ ತಂತ್ರಜ್ಞರನ್ನು ಇಟ್ಟುಕೊಳ್ಳಬಲ್ಲದು. ಒಂದೇ ಯಂತ್ರವನ್ನು ನಂಬಿದ ಹಳ್ಳಿಯ ಉದ್ಯಮಿ ಮಾತ್ರ ಪೇಟೆಯ ಎಲೆಕ್ಟ್ರಿಷಿಯನ್ನನ್ನೋ ಕಂಪನಿಯ ಸರ್ವಿಸ್ ಹುಡುಗನನ್ನೋ ಕಾಯಬೇಕು. ಕೆಟ್ಟ ಬೋರ್ಡಿನ ಬೆಲೆಯ ಜೊತೆಗೆ ಆ ಕಾಯುವ ದಿನಗಳ ನಷ್ಟವೂ ಸೇರುತ್ತದೆ.

ಬೆಳವಣಿಗೆ

ಮೊದಲಿನ ಯಂತ್ರಗಳಲ್ಲಿ ಬೋರ್ಡು ಇರಲಿಲ್ಲ. ಕಾಂಟ್ಯಾಕ್ಟರು, ರಿಲೇ, ದ್ವಿಲೋಹ ಪಟ್ಟಿಯ ಥರ್ಮೋಸ್ಟ್ಯಾಟ್, ತಿರುಗುವ ಟೈಮರುಗಳೇ ಎಲ್ಲ ಕೆಲಸ ಮಾಡುತ್ತಿದ್ದವು. ತೋಟದ ಪಂಪಿನ ಸ್ಟಾರ್-ಡೆಲ್ಟಾ ಸ್ಟಾರ್ಟರು ಆ ಕಾಲದ ಪಳೆಯುಳಿಕೆ; ಇಂದಿಗೂ ದುಡಿಯುತ್ತಿದೆ. ಆಸ್ಟ್ರಿಯದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಪೌಲ್ ಐಸ್ಲರ್ 1936ರ ಹೊತ್ತಿಗೆ ಮುದ್ರಿತ ಮಂಡಲವನ್ನು ಬಳಸಿ ರೇಡಿಯೊ ಕಟ್ಟಿದ. ಕಾರ್ಖಾನೆಗಳಿಗೆಂದು ರೂಪಿಸಿದ ಮೊದಲ ಪಿಎಲ್‌ಸಿಗಳಲ್ಲಿ (ಪ್ರೋಗ್ರಾಮ್ ಮಾಡಬಲ್ಲ ನಿಯಂತ್ರಕಗಳಲ್ಲಿ) ಒಂದಾದ ಮೋಡಿಕಾನ್ 084 ಬಂದದ್ದು 1960ರ ದಶಕದ ಕೊನೆಗೆ. 1971ರಲ್ಲಿ ಇಂಟೆಲ್ 4004 ಮೈಕ್ರೊಪ್ರೊಸೆಸರ್ ಮಾರುಕಟ್ಟೆಗೆ ಬಂತು. ಮೈಕ್ರೊಕಂಟ್ರೋಲರುಗಳ ಬೆಲೆ ಇಳಿದಂತೆ ಹತ್ತು ರಿಲೇಗಳ ಕೆಲಸವನ್ನು ಅಂಗೈಯಗಲದ ಒಂದು ಬೋರ್ಡು ವಹಿಸಿಕೊಂಡಿತು. ಯಂತ್ರ ಚುರುಕಾಯಿತು. ಆದರೆ ಕಣ್ಣಿಗೆ ಕಾಣುವ ಸಂಪರ್ಕಗಳನ್ನು ಉಜ್ಜಿ ಸರಿಪಡಿಸುತ್ತಿದ್ದ ಊರಿನ ಮೆಕ್ಯಾನಿಕ್ಕಿನ ಕೈಗೆ ಅದರ ಒಳಗುಟ್ಟು ಸಿಗದಾಯಿತು.

ರಚನೆ

ಯಾವುದೇ ನಿಯಂತ್ರಣ ಬೋರ್ಡನ್ನು ನಾಲ್ಕು ಭಾಗಗಳಾಗಿ ನೋಡಬಹುದು.

ವಿದ್ಯುತ್ ಪೂರೈಕೆ: 230 ವೋಲ್ಟ್ ಎಸಿ ಮೊದಲು ಫ್ಯೂಸು ಮತ್ತು ವ್ಯಾರಿಸ್ಟರನ್ನು ದಾಟುತ್ತದೆ. ವ್ಯಾರಿಸ್ಟರು ಸಾಮಾನ್ಯವಾಗಿ ನೀಲಿ ಇಲ್ಲವೆ ಕಿತ್ತಳೆ ಬಣ್ಣದ ಬಿಲ್ಲೆ. ವೋಲ್ಟೇಜು ಮಿತಿಮೀರಿ ಏರಿದರೆ ಅದು ತನ್ನ ಮೂಲಕವೇ ಕರೆಂಟನ್ನು ಹರಿಯಬಿಟ್ಟು ಫ್ಯೂಸು ಹಾರುವಂತೆ ಮಾಡುತ್ತದೆ. ಆಮೇಲೆ ರೆಕ್ಟಿಫೈಯರ್ ಎಸಿಯನ್ನು ಡಿಸಿ ಮಾಡುತ್ತದೆ. ಸ್ವಿಚಿಂಗ್ ಪೂರೈಕೆಯಾದರೆ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ನಿಲ್ಲುತ್ತದೆ. ಅಲ್ಲಿಂದ ರಿಲೇಗಳಿಗೆ 12 ವೋಲ್ಟ್, ಚಿಪ್ಪುಗಳಿಗೆ 5 ಇಲ್ಲವೆ 3.3 ವೋಲ್ಟ್ ಸಿದ್ಧವಾಗುತ್ತದೆ.

ಒಳಬರುವ ಸಂಕೇತಗಳು: ಉಷ್ಣತೆಯ ಸೆನ್ಸರು, ಒತ್ತಡದ ಸ್ವಿಚ್ಚು, ಬಾಗಿಲಿನ ಸ್ವಿಚ್ಚು, ನೀರಿನ ಮಟ್ಟದ ಪ್ರೋಬು ಇತ್ಯಾದಿ.

ಮಿದುಳು: ಮೈಕ್ರೊಕಂಟ್ರೋಲರ್ ಮತ್ತು ಸೆಟ್ಟಿಂಗುಗಳನ್ನು ನೆನಪಿಟ್ಟುಕೊಳ್ಳುವ ಮೆಮೊರಿ.

ಹೊರಹೋಗುವ ಆಜ್ಞೆಗಳು: ರಿಲೇ, ಟ್ರಯಾಕ್ ಇಲ್ಲವೆ ಸಾಲಿಡ್ ಸ್ಟೇಟ್ ರಿಲೇಗಳ ಮೂಲಕ ಹೀಟರು, ಮೋಟಾರು, ಕಾಂಟ್ಯಾಕ್ಟರುಗಳಿಗೆ ಹೋಗುವ ವಿದ್ಯುತ್ತು.

ಮೊದಲನೆಯ ಮತ್ತು ನಾಲ್ಕನೆಯ ಭಾಗಗಳು ಹೊರಗಿನ ತಂತಿಗಳಿಗೆ ಮೈಯೊಡ್ಡಿ ನಿಂತಿರುವುದರಿಂದ ಹೆಚ್ಚಿನ ಹಾನಿ ಅಲ್ಲೇ ಆಗುತ್ತದೆ. ಮಿದುಳು ಕೆಡುವುದು ಅಪರೂಪ.

ಹಾಳಾಗುವ ಕಾರಣಗಳು

ಸಿಡಿಲು: ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ತಿಂಗಳುಗಳಲ್ಲಿ, ಮತ್ತೆ ಅಕ್ಟೋಬರ್-ನವೆಂಬರಿನಲ್ಲಿ ಸಂಜೆಯ ಸಿಡಿಲಿನ ಕಾಟ ಈ ಭಾಗದಲ್ಲಿ ಹೆಚ್ಚು. ಸಿಡಿಲು ಯಂತ್ರಕ್ಕೇ ಹೊಡೆಯಬೇಕೆಂದಿಲ್ಲ. ಗುಡ್ಡ, ಕಾಡು, ತೋಟಗಳ ನಡುವೆ ದೂರದವರೆಗೆ ಸಾಗುವ ತಂತಿಯ ಹತ್ತಿರ ಎಲ್ಲೋ ಬಡಿದರೂ ತಂತಿಯಲ್ಲಿ ಸಾವಿರಾರು ವೋಲ್ಟಿನ ಅಲೆ ಎದ್ದು ಮನೆಯೊಳಗೆ ಬರುತ್ತದೆ. ಸೆನ್ಸರು, ಟೆಲಿಫೋನು, ನೆಟ್‌ವರ್ಕಿನ ತಂತಿಗಳೂ ಅದಕ್ಕೆ ದಾರಿಯಾಗಬಲ್ಲವು. ಹೀಗಾಗಿ ಮುಖ್ಯ ಸ್ವಿಚ್ಚು ಆರಿಸಿದ ಯಂತ್ರದ ಬೋರ್ಡು ಸುಟ್ಟರೂ ಆಶ್ಚರ್ಯವಿಲ್ಲ. ಸ್ವಿಚ್ಚಿನ ಎರಡು ಸಂಪರ್ಕಗಳ ನಡುವಿನ ಕಿರುಸಂದಿಯನ್ನು ಅಂಥ ಅಲೆ ಹಾರಬಲ್ಲದು. ಪ್ಲಗ್ಗನ್ನೇ ಕಿತ್ತಿಡುವ ಹಳೆಯ ರೂಢಿ ಸರಿಯಾದದ್ದೇ.

ವೋಲ್ಟೇಜಿನ ಏರಿಳಿತ: ದಕ್ಷಿಣ ಕನ್ನಡಕ್ಕೆ ವಿದ್ಯುತ್ತು ಹಂಚುವುದು 2002ರಲ್ಲಿ ರೂಪುಗೊಂಡ ಮೆಸ್ಕಾಂ. ಬೇಸಗೆಯಲ್ಲಿ ಎಲ್ಲ ತೋಟಗಳ ಪಂಪುಗಳೂ ಒಟ್ಟಿಗೆ ಓಡುವಾಗ ಲೈನಿನ ಕೊನೆಯಲ್ಲಿರುವವರಿಗೆ ಸಿಗುವುದು ಡಿಮ್ ಕರೆಂಟು. ಆಗ ಕಾಂಟ್ಯಾಕ್ಟರು ಗಟ್ಟಿಯಾಗಿ ಕಚ್ಚಿಕೊಳ್ಳದೆ ಟರ್ರೆಂದು ಅದುರುತ್ತದೆ, ಸಂಪರ್ಕಗಳು ಸುಡುತ್ತವೆ. ಮಳೆಗಾಲದ್ದು ಇನ್ನೊಂದು ಕಥೆ. ಮರದ ಗೆಲ್ಲು ಬಿದ್ದು 11 ಕೆವಿ ಕಡೆಯ ಒಂದು ಫ್ಯೂಸು ಹೋದರೆ ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಬರುವ ಮೂರು ಫೇಸುಗಳಲ್ಲಿ ಒಂದರಲ್ಲಿ ಮಾತ್ರ ಪೂರ್ಣ ವೋಲ್ಟೇಜು ಉಳಿದು, ಮಿಕ್ಕ ಎರಡರಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಇದಕ್ಕಿಂತ ಅಪಾಯಕಾರಿ ನ್ಯೂಟ್ರಲ್ ತುಂಡಾಗುವುದು. ಆಗ ಹೊರೆ ಕಡಿಮೆಯಿರುವ ಫೇಸಿನ ಸಾಧನಗಳಿಗೆ 230ರ ಬದಲು 400 ವೋಲ್ಟಿನ ಹತ್ತಿರ ಬರಬಹುದು. ಒಂದೇ ರಾತ್ರಿ ಹಲವು ಮನೆಗಳ ಬೋರ್ಡು ಸುಟ್ಟಿದ್ದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ.

ತೇವ ಮತ್ತು ಜೀವಿಗಳು: ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಸೀಮೆಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಪ್ಯಾನೆಲಿನ ಒಳಗೋಡೆಯೇ ಬೆವರುತ್ತದೆ. ತಾಮ್ರದ ಗೆರೆಗಳ ಮೇಲೆ ಹಸಿರು ಕಿಲುಬು ಕಟ್ಟುತ್ತದೆ, ಧೂಳಿಗೆ ತೇವ ಸೇರಿ ಎರಡು ಗೆರೆಗಳ ನಡುವೆ ಕರೆಂಟು ಸೋರುತ್ತದೆ. ತಂತಿ ಹೊಗಿಸಲು ಕೊರೆದು, ಮುಚ್ಚದೆ ಬಿಟ್ಟ ತೂತಿನಿಂದ ಇರುವೆ, ಹಲ್ಲಿಗಳು ಬೆಚ್ಚನೆಯ ಜಾಗ ಹುಡುಕಿಕೊಂಡು ಬರುತ್ತವೆ. ಕುಂಬಾರ ಹುಳು ಕಾಂಟ್ಯಾಕ್ಟರಿನ ಸಂದಿಯಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ಬೋರ್ಡಿನ ಅಡ್ಡಕ್ಕೆ ಬಿದ್ದು ಸುಟ್ಟ ಹಲ್ಲಿಯೇ ದೋಷದ ಪೂರ್ಣ ವಿವರಣೆಯಾಗಿರುವುದೂ ಉಂಟು.

ವಯಸ್ಸು: ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಬಿಸಿಗೆ ಒಳಗೊಳಗೇ ಒಣಗುತ್ತವೆ. ಉಷ್ಣತೆ 10 ಡಿಗ್ರಿ ಇಳಿದರೆ ಆಯುಸ್ಸು ಇಮ್ಮಡಿ ಎಂಬುದು ಸ್ಥೂಲ ಲೆಕ್ಕ. 105 ಡಿಗ್ರಿ ಸೆ.ನಲ್ಲಿ 2,000 ಗಂಟೆ ಬಾಳುವ ಕೆಪಾಸಿಟರು 65 ಡಿಗ್ರಿಯಲ್ಲಿ 32,000 ಗಂಟೆ ಬಾಳುತ್ತದೆ. ಹಗಲಿರುಳೂ ಓಡುವ ಫ್ರೀಜರಿನಲ್ಲಿ ಅದು ಸುಮಾರು ಮೂರೂವರೆ ವರ್ಷವಷ್ಟೇ. ಅದುರುವ ಯಂತ್ರಗಳಲ್ಲಿ ಭಾರವಾದ ಬಿಡಿಭಾಗಗಳ ಕಾಲಿನ ಸುತ್ತ ಬೆಸುಗೆ ಉಂಗುರದಂತೆ ಬಿರಿಯುತ್ತದೆ. ರಿಪೇರಿಯವರು ಇದನ್ನು ಡ್ರೈ ಸೋಲ್ಡರ್ ಎನ್ನುತ್ತಾರೆ.

ದೋಷಪತ್ತೆಯ ಕ್ರಮ

ಮೊದಲ ಹಂತ ವಿಚಾರಣೆ. ಯಂತ್ರ ನಿಂತದ್ದು ಯಾವಾಗ, ಆಗ ಮಳೆ-ಸಿಡಿಲು ಇತ್ತೇ, ಪೂರ್ತಿ ಸತ್ತಿತೇ ಇಲ್ಲವೆ ಒಂದು ಕೆಲಸ ಮಾತ್ರ ನಿಂತಿತೇ, ಹಿಂದೆ ಯಾರಾದರೂ ಕೈಹಾಕಿದ್ದರೇ ಎಂಬ ನಾಲ್ಕು ಪ್ರಶ್ನೆಗಳಿಂದ ಅರ್ಧ ದಾರಿ ಸವೆಯುತ್ತದೆ. ಎರಡನೆಯದು ಕಣ್ಣು, ಮೂಗು. ಉಬ್ಬಿದ ಕೆಪಾಸಿಟರು, ಸೀಳಿದ ವ್ಯಾರಿಸ್ಟರು, ಕಪ್ಪಾದ ಕನೆಕ್ಟರು, ಸುಟ್ಟ ವಾಸನೆ ಇವೆಲ್ಲ ಮೀಟರಿಗಿಂತ ಮೊದಲೇ ಸುಳಿವು ಕೊಡುತ್ತವೆ.

ಆಮೇಲೆ ಅಳತೆ. ಇದಕ್ಕೆ ಒಂದೇ ಸೂತ್ರ: ಬೋರ್ಡಿಗೆ ಬರಬೇಕಾದದ್ದು ಬರುತ್ತಿದೆಯೇ, ಬೋರ್ಡಿನಿಂದ ಹೋಗಬೇಕಾದದ್ದು ಹೋಗುತ್ತಿದೆಯೇ? ಬರುವುದೆಲ್ಲ ಸರಿಯಿದ್ದು ಹೋಗುವುದು ತಪ್ಪಿದ್ದರೆ ಮಾತ್ರ ದೋಷ ಬೋರ್ಡಿನದು. ಫೇಸ್-ನ್ಯೂಟ್ರಲ್, ಫೇಸ್-ಫೇಸ್, ನ್ಯೂಟ್ರಲ್-ಅರ್ಥ್ ವೋಲ್ಟೇಜುಗಳನ್ನು ಯಂತ್ರ ಓಡಿಸಲು ಯತ್ನಿಸುತ್ತಿರುವಾಗಲೇ ಅಳೆಯಬೇಕು. ಹೊರೆಯಿಲ್ಲದಾಗ ಸರಿಯಾಗಿ ಕಾಣುವ ಸಡಿಲ ಸಂಪರ್ಕ ಹೊರೆ ಬಿದ್ದೊಡನೆ ಕುಸಿಯುತ್ತದೆ. ನಂತರ 12 ಮತ್ತು 5 ವೋಲ್ಟ್ ಪೂರೈಕೆ. ಅವು ಇಲ್ಲದಿದ್ದರೆ ಫ್ಯೂಸು ನೋಡಬೇಕು. ಹಾರಿದ ಫ್ಯೂಸಿನ ಗಾಜು ಶುಭ್ರವಾಗಿದ್ದು ಎಳೆ ಕರಗಿ ತುಂಡಾಗಿದ್ದರೆ ಸಣ್ಣ ಹೊರೆಹೆಚ್ಚಳವಿರಬಹುದು. ಗಾಜಿನ ಒಳಮೈ ಕಪ್ಪು-ಬೆಳ್ಳಿಯಾಗಿ ಮೆತ್ತಿಕೊಂಡಿದ್ದರೆ ಎಲ್ಲೋ ನೇರ ಶಾರ್ಟ್ ಆಗಿದೆಯೆಂದೇ ಅರ್ಥ. ಹಾಗಿರುವಾಗ ಇನ್ನೊಂದು ಫ್ಯೂಸು ಹಾಕಿ 'ನೋಡುವುದು' ಸಲ್ಲದು, ತಂತಿಯ ತುಂಡು ಸುತ್ತುವುದಂತೂ ಸಲ್ಲಲೇಬಾರದು.

ಸೆನ್ಸರುಗಳ ಪರೀಕ್ಷೆಗೆ ಹೆಚ್ಚಿನ ಸಲಕರಣೆ ಬೇಡ. ಫ್ರೀಜರುಗಳಲ್ಲಿ ಸಾಮಾನ್ಯವಾಗಿ ಕಾಣುವ 10 ಕಿಲೋ ಓಮ್ ಥರ್ಮಿಸ್ಟರು 25 ಡಿಗ್ರಿಯಲ್ಲಿ ಅಷ್ಟೇ ರೋಧ ತೋರಿಸಿ, ಮಂಜುಗಡ್ಡೆ ಹಾಕಿದ ನೀರಿನ ಲೋಟದಲ್ಲಿ ಮುಳುಗಿಸಿದಾಗ ಸುಮಾರು 30 ಕಿಲೋ ಓಮಿಗೆ ಏರಬೇಕು. ರಿಲೇಗೆ ಕಿವಿಯೇ ಸಾಕು. 'ಟಕ್' ಎಂದು ಸದ್ದಾಗಿಯೂ ಆಚೆಗೆ ವಿದ್ಯುತ್ತು ಹೋಗದಿದ್ದರೆ ಸಂಪರ್ಕ ಸುಟ್ಟಿದೆ. ಸದ್ದೇ ಇಲ್ಲದಿದ್ದರೆ ಕಾಯಿಲಿಗೆ 12 ವೋಲ್ಟ್ ಬಂದಿದೆಯೇ ನೋಡಬೇಕು. ಬಂದಿದ್ದರೆ ರಿಲೇ ಸತ್ತಿದೆ, ಬಾರದಿದ್ದರೆ ಅದನ್ನು ಓಡಿಸುವ ಟ್ರಾನ್ಸಿಸ್ಟರು ಇಲ್ಲವೆ ಯುಎಲ್‌ಎನ್ 2003ರಂಥ ಚಿಪ್ಪಿನತ್ತ ತಿರುಗಬೇಕು.

ಎರಡು ಎಚ್ಚರಿಕೆಗಳಿವೆ. ಕರೆಂಟು ತೆಗೆದ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಜೀವಕ್ಕೆ ಕುತ್ತಾಗುವಷ್ಟು ವೋಲ್ಟೇಜು ಉಳಿದಿರಬಹುದು. ಅದನ್ನು ರೆಸಿಸ್ಟರಿನ ಮೂಲಕ ಇಳಿಸಿ, ಮೀಟರಿನಲ್ಲಿ ಖಚಿತಪಡಿಸಿಕೊಂಡೇ ಮುಟ್ಟಬೇಕು. ಮೋಟಾರು, ಹೀಟರುಗಳ ಇನ್ಸುಲೇಶನ್ ನೋಡಲು ಮೆಗ್ಗರ್ ತಿರುಗಿಸುವ ಮುನ್ನ ಅವುಗಳ ತಂತಿಯನ್ನು ಬೋರ್ಡಿನಿಂದ ಕಳಚಿರಬೇಕು. ಮೆಗ್ಗರಿನ 500 ವೋಲ್ಟ್ ಚೆನ್ನಾಗಿರುವ ಬೋರ್ಡನ್ನೂ ಕೊಲ್ಲಬಲ್ಲದು.

ಒಂದು ಉದಾಹರಣೆ: ಹಾಳೆ ತಟ್ಟೆ ಯಂತ್ರ

ಅಡಿಕೆ ಮರದಿಂದ ಉದುರಿದ ಹಾಳೆಯನ್ನು ನೆನೆಸಿ, ತೊಳೆದು, ಬಿಸಿ ಅಚ್ಚುಗಳ ನಡುವೆ ಒತ್ತಿ ತಟ್ಟೆ, ದೊನ್ನೆ ಮಾಡುವುದು ಈ ತಾಲೂಕುಗಳ ಗೃಹೋದ್ಯಮ. ಅಚ್ಚಿನೊಳಗೆ ಹೀಟರು, ಅದಕ್ಕೊಂದು ಥರ್ಮೊಕಪಲ್, ಮುಂದೆ ಅಂಕೆ ತೋರಿಸುವ ಉಷ್ಣತಾ ನಿಯಂತ್ರಕ, ಹೀಟರನ್ನು ಹಚ್ಚಿ ಆರಿಸಲು ಸಾಲಿಡ್ ಸ್ಟೇಟ್ ರಿಲೇ ಇಲ್ಲವೆ ಕಾಂಟ್ಯಾಕ್ಟರು ಇದರ ನಿಯಂತ್ರಣ ವ್ಯವಸ್ಥೆ.

ಅಚ್ಚು ಬಿಸಿಯಾಗುತ್ತಿಲ್ಲ, ಬೋರ್ಡು ಹೋಗಿದೆ ಎಂಬ ದೂರು ಬಂತೆನ್ನೋಣ. ನಿಯಂತ್ರಕದಲ್ಲಿ ಅಂಕೆಯ ಬದಲು ದೋಷದ ಅಕ್ಷರಗಳು ಮಿನುಗುತ್ತಿವೆ. ಕೆ ಮಾದರಿಯ ಥರ್ಮೊಕಪಲ್ ಪ್ರತಿ ಡಿಗ್ರಿಗೆ ಹುಟ್ಟಿಸುವುದು ಸುಮಾರು 41 ಮೈಕ್ರೊವೋಲ್ಟ್. ಪೆಟ್ಟಿಗೆಯಲ್ಲಿ 30, ಅಚ್ಚಿನಲ್ಲಿ 80 ಡಿಗ್ರಿ ಇದ್ದರೂ ಒಟ್ಟು 2 ಮಿಲಿವೋಲ್ಟಷ್ಟೇ. ಆದ್ದರಿಂದ ಒಂದು ಸಡಿಲ ಸ್ಕ್ರೂ ಸಾಕು ಲೆಕ್ಕ ತಪ್ಪಲು. ಥರ್ಮೊಕಪಲ್ ಬಿಚ್ಚಿ, ನಿಯಂತ್ರಕದ ಆ ಎರಡು ಟರ್ಮಿನಲ್ಲುಗಳನ್ನು ತಂತಿಯ ತುಂಡಿನಿಂದ ಕೂಡಿಸಿದರೆ ಅದು ತನ್ನ ಸುತ್ತಲಿನ ಉಷ್ಣತೆಯನ್ನು, ಅಂದರೆ ಸುಮಾರು 30 ಡಿಗ್ರಿಯನ್ನು, ತೋರಿಸಬೇಕು. ತೋರಿಸಿದರೆ ನಿಯಂತ್ರಕ ನಿರ್ದೋಷಿ, ತುಂಡಾಗಿರುವುದು ಥರ್ಮೊಕಪಲ್.

ಅಂಕೆ ಸರಿಯಿದ್ದು, ಔಟ್‌ಪುಟ್ ದೀಪವೂ ಉರಿದು, ಅಚ್ಚು ಮಾತ್ರ ತಣ್ಣಗಿದ್ದರೆ ಹೀಟರಿನ ರೋಧ ನೋಡಬೇಕು. 230 ವೋಲ್ಟಿನ 1,000 ವಾಟ್ ಹೀಟರು ಸುಮಾರು 53 ಓಮ್ ತೋರಿಸಬೇಕು. ದೀಪ ಆರಿದ್ದರೂ ಅಚ್ಚು ಕಾಯುತ್ತಲೇ ಹೋಗಿ ತಟ್ಟೆ ಕಪ್ಪಾಗುತ್ತಿದ್ದರೆ ಸಾಲಿಡ್ ಸ್ಟೇಟ್ ರಿಲೇ ಒಳಗೇ ಶಾರ್ಟ್ ಆಗಿದೆ. ಅಂಥ ರಿಲೇ ಕೆಡುವಾಗ ಹೆಚ್ಚಾಗಿ ಕೂಡಿಕೊಂಡೇ ಕೆಡುತ್ತದೆ, ಬಿಡಿಸಿಕೊಂಡಲ್ಲ.

ಇನ್ನೊಂದು ಬಗೆಯ ದೋಷ ಋತುವಿನದು. ಹಾಳೆ ಸಿಗುವುದು ಒಣ ತಿಂಗಳುಗಳಲ್ಲಿ. ಮಳೆಗಾಲವಿಡೀ ಯಂತ್ರ ಮೂಲೆಯಲ್ಲಿ ನಿಂತಿರುತ್ತದೆ. ಹೀಟರಿನೊಳಗೆ ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ ಗಾಳಿಯ ತೇವ ಹೀರುತ್ತದೆ. ಮಳೆ ಮುಗಿದು ಮೊದಲ ದಿನ ಸ್ವಿಚ್ಚು ಒತ್ತಿದೊಡನೆ ಕರೆಂಟು ಮೈಗೆ ಸೋರಿ ಟ್ರಿಪ್ಪು ಬೀಳುತ್ತದೆ, ಕೆಲವೊಮ್ಮೆ ರಿಲೇಯೂ ಸುಡುತ್ತದೆ. ಇಲ್ಲಿ ರಿಲೇ ಬದಲಿಸಿದರೆ ಸಾಲದು. ಹೀಟರನ್ನು ಬೋರ್ಡಿನಿಂದ ಬೇರ್ಪಡಿಸಿ ಮೆಗ್ಗರಿನಲ್ಲಿ ನೋಡಿ, ತೇವವಿದ್ದರೆ ಬಿಚ್ಚಿ ಒಣಗಿಸಿ, ರೋಧ 1 ಮೆಗಾ ಓಮ್ ದಾಟಿದ ಮೇಲಷ್ಟೇ ಮರುಜೋಡಣೆ ಮಾಡಬೇಕು.

ರಿಪೇರಿಯೋ, ಹೊಸ ಬೋರ್ಡೋ

ಫ್ಯೂಸು, ವ್ಯಾರಿಸ್ಟರು, ಕೆಪಾಸಿಟರು, ರಿಲೇ, ಬಿರಿದ ಬೆಸುಗೆ ಇವು ಅಂಗಡಿಯಲ್ಲೇ ಸರಿಯಾಗುವಂಥವು. ಬಿಡಿಭಾಗಗಳು ಮಂಗಳೂರಿನಲ್ಲೂ, ಬೆಂಗಳೂರಿನ ಎಸ್.ಪಿ. ರೋಡ್ ಎಂದೇ ಹೆಸರಾದ ಸದರ್ ಪತ್ರಪ್ಪ ರಸ್ತೆಯಲ್ಲೂ ಸಿಗುತ್ತವೆ. 63 ಪಾಲು ತವರ, 37 ಪಾಲು ಸೀಸದ ಬೆಸುಗೆ 183 ಡಿಗ್ರಿಯಲ್ಲಿ ಕರಗಿದರೆ ಇತ್ತೀಚಿನ ಬೋರ್ಡುಗಳ ಸೀಸರಹಿತ ಬೆಸುಗೆಗೆ 217 ಡಿಗ್ರಿಗಿಂತ ಹೆಚ್ಚು ಬೇಕು. ಹಳೆಯ ಕಾವಿನಲ್ಲೇ ಕಿತ್ತರೆ ಬೆಸುಗೆಯ ಜೊತೆ ತಾಮ್ರದ ಗೆರೆಯೂ ಎದ್ದು ಬರುತ್ತದೆ. ರಿಪೇರಿಯಾದ ಬೋರ್ಡಿಗೆ ಮೊದಲ ಸಲ ಕರೆಂಟು ಕೊಡುವಾಗ ಸರಣಿಯಲ್ಲಿ 60 ಇಲ್ಲವೆ 100 ವಾಟಿನ ಹಳೆಯ ಬಲ್ಬು ಹಾಕುವ ಉಪಾಯ ಅನುಭವಿಗಳದು. ಬಲ್ಬು ಒಮ್ಮೆ ಮಿನುಗಿ ಆರಿದರೆ ಕ್ಷೇಮ. ಪೂರ್ತಿ ಉರಿದರೆ ಶಾರ್ಟ್ ಇನ್ನೂ ಉಳಿದಿದೆ, ಆದರೆ ಬೋರ್ಡು ಉಳಿಯಿತು.

ಗೆರೆಗಳು ಕಿಲುಬಿಗೆ ತಿಂದುಹೋಗಿದ್ದರೆ, ಬೋರ್ಡೇ ಸುಟ್ಟು ಕರಿಕಾಗಿದ್ದರೆ ಅಥವಾ ಪ್ರೋಗ್ರಾಮಿರುವ ಮೈಕ್ರೊಕಂಟ್ರೋಲರೇ ಸತ್ತಿದ್ದರೆ ಹೊಸತೇ ಗತಿ. ತಯಾರಕರ ಬೋರ್ಡು ಸಿಗದಿದ್ದರೆ ಮಾರುಕಟ್ಟೆಯ ಯುನಿವರ್ಸಲ್ ಬೋರ್ಡು ಒಂದು ದಾರಿ. ಟೈಮರು, ಥರ್ಮೋಸ್ಟ್ಯಾಟು, ಕಾಂಟ್ಯಾಕ್ಟರುಗಳನ್ನು ಬಿಡಿಯಾಗಿ ಜೋಡಿಸಿ ಹಳೆಯ ಕಾಲಕ್ಕೆ ಮರಳುವುದು ಇನ್ನೊಂದು. ಎರಡರಲ್ಲೂ ಮೂಲ ಬೋರ್ಡಿನಲ್ಲಿದ್ದ ರಕ್ಷಣೆಗಳು, ಉದಾಹರಣೆಗೆ ಕಂಪ್ರೆಸರು ನಿಂತೊಡನೆ ಮತ್ತೆ ಓಡದಂತೆ ತಡೆಯುವ ಕೆಲವು ನಿಮಿಷಗಳ ವಿಳಂಬ, ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ರಿಪೇರಿಯ ಹಕ್ಕು' ಕುರಿತು ಸಮಿತಿ ರಚಿಸಿ, ಜಾಲತಾಣ ತೆರೆದದ್ದು ಕೈಪಿಡಿ, ಬಿಡಿಭಾಗಗಳು ಸಿಗದ ಈ ಕೊರತೆಯ ಹಿನ್ನೆಲೆಯಲ್ಲೇ.

ಬದಲಾವಣೆಯ ಕ್ರಮ

ಮುಖ್ಯ ಸ್ವಿಚ್ಚು ಆರಿಸಿ, ಬೇರೆಯವರು ಹಾಕದಂತೆ ಬೀಗ ಇಲ್ಲವೆ ಚೀಟಿ ಹಚ್ಚಿ, ವಿದ್ಯುತ್ತು ಇಲ್ಲವೆಂದು ಅಳೆದು ಖಚಿತಪಡಿಸಿಕೊಳ್ಳಬೇಕು. ಒಂದೂ ತಂತಿ ಬಿಚ್ಚುವ ಮೊದಲು ಮೊಬೈಲಿನಲ್ಲಿ ಎರಡು ಮೂರು ಕೋನಗಳಿಂದ ಫೋಟೊ ತೆಗೆದು, ಪ್ರತಿ ತಂತಿಗೂ ಗುರುತು ಹಚ್ಚಬೇಕು. ಹೊಸ ಬೋರ್ಡಿನ ಮಾದರಿ ಸಂಖ್ಯೆಯ ಜೊತೆ ಪರಿಷ್ಕರಣೆ ಸಂಖ್ಯೆ, ಜಂಪರು, ಪುಟ್ಟ ಸ್ವಿಚ್ಚುಗಳ ಸ್ಥಾನ ಹೋಲಬೇಕು. ಹಳೆಯ ಬೋರ್ಡಿಗೆ ಇನ್ನೂ ಸ್ವಲ್ಪ ಜೀವವಿದ್ದರೆ ಅದರ ಸೆಟ್ಟಿಂಗುಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಹೊಸ ಬೋರ್ಡು ಬರುವುದು ಕಾರ್ಖಾನೆಯ ಸೆಟ್ಟಿಂಗಿನಲ್ಲಿ, ನಮ್ಮ ಯಂತ್ರದ ಸೆಟ್ಟಿಂಗಿನಲ್ಲಲ್ಲ. ಬೋರ್ಡನ್ನು ಅಂಚು ಹಿಡಿದೇ ಎತ್ತಬೇಕು. ಮೈಯ ಸ್ಥಾಯಿ ವಿದ್ಯುತ್ತು ಚಿಪ್ಪಿಗೆ ಆಗದು.

ಜೋಡಿಸಿದ ಮೇಲೆ ಹೀಟರು, ಮೋಟಾರುಗಳ ತಂತಿಗಳನ್ನು ಬಿಟ್ಟು ಬರಿಯ ಬೋರ್ಡಿಗೆ ಕರೆಂಟು ಕೊಟ್ಟು ನೋಡಬೇಕು. ಡಿಸ್‌ಪ್ಲೇ ಬಂದು, ರಿಲೇಗಳು ಕ್ರಮವಾಗಿ ಸದ್ದು ಮಾಡಿದರೆ ಒಂದೊಂದೇ ಹೊರೆಯನ್ನು ಸೇರಿಸಿ, ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟು ಅಳೆಯಬೇಕು. ಹೊಸ ರಿಲೇಯನ್ನು ಹಳೆಯ ಶಾರ್ಟ್ ಸುಡದಂತೆ ಕಾಯುವುದು ಈ ಹಂತ. ಮೂರು ಫೇಸಿನ ಯಂತ್ರದಲ್ಲಿ ತಿರುಗುವ ದಿಕ್ಕನ್ನೂ ನೋಡಿಯೇ ಬಾಗಿಲು ಮುಚ್ಚಬೇಕು.

ಯಂತ್ರ ನಿಲ್ಲಬಾರದ ಕಡೆ

ಹಾಲಿನ ಶೀತಲ ಘಟಕ ಬೇರೆ ಯಂತ್ರಗಳಂತಲ್ಲ. ಕರೆದ ಹಾಲು ಸುಮಾರು 35 ಡಿಗ್ರಿ ಬಿಸಿಯಿರುತ್ತದೆ. ಅದನ್ನು ಬೇಗ 4 ಡಿಗ್ರಿಗೆ ಇಳಿಸದಿದ್ದರೆ ಬ್ಯಾಕ್ಟೀರಿಯಾ ಬೆಳೆದು ಕೆಡುತ್ತದೆ. ಬೋರ್ಡು ಬರುವವರೆಗೆ ಹಾಲು ಕಾಯುವುದಿಲ್ಲ. ಪ್ಯಾನೆಲಿನಲ್ಲಿ ಆಟೊ-ಮ್ಯಾನುಯಲ್ ಸ್ವಿಚ್ಚಿದ್ದರೆ ಬೋರ್ಡನ್ನು ಬದಿಗಿಟ್ಟು ಕಂಪ್ರೆಸರು, ಕಲಕುವ ಮೋಟಾರುಗಳನ್ನು ಕೈಯಿಂದ ಓಡಿಸಬಹುದು. ಆಗ ಅಧಿಕ ಒತ್ತಡ, ಓವರ್‌ಲೋಡ್ ರಕ್ಷಣೆಗಳು ಮಂಡಲದಲ್ಲೇ ಇರಬೇಕು, ಮತ್ತು ಥರ್ಮೊಮೀಟರು ಹಿಡಿದ ಮನುಷ್ಯನೊಬ್ಬ ಪಕ್ಕದಲ್ಲೇ ಇರಬೇಕು. ಇಲ್ಲದಿದ್ದರೆ ತೊಟ್ಟಿಯಲ್ಲಿ ಹಾಲು ಮಂಜುಗಡ್ಡೆಯಾಗುತ್ತದೆ.

ಮರುಕಳಿಸದಂತೆ

ಮೊದಲ ಕಾವಲು ಅರ್ಥಿಂಗ್. ಇದರ ವಿಧಾನಗಳನ್ನು ಭಾರತೀಯ ಮಾನಕ ಐಎಸ್ 3043 ವಿವರಿಸುತ್ತದೆ. ಮುರಕಲ್ಲಿನ ಗುಡ್ಡೆಗಳಲ್ಲಿ ಬೇಸಗೆಯಲ್ಲಿ ನೆಲ ಒಣಗಿ ಅರ್ಥಿನ ರೋಧ ಏರುತ್ತದೆ. ಸಿಡಿಲಿನ ಮೊದಲ ಸರದಿ ಬರುವುದೂ ಆಗಲೇ. ಮಳೆಗೆ ಮುಂಚೆ ಅರ್ಥಿನ ಗುಂಡಿಗೆ ನೀರು ಹೊಯ್ಯುವುದು ಸಣ್ಣ ಕೆಲಸವಾದರೂ ದೊಡ್ಡ ರಕ್ಷಣೆ. ಎರಡನೆಯದು ಮುಖ್ಯ ಪ್ಯಾನೆಲಿನಲ್ಲಿ ಸರ್ಜ್ ರಕ್ಷಕ. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ನಿಷ್ಪ್ರಯೋಜಕ. ಮೂರನೆಯದು ಫೇಸು ತಪ್ಪಿದರೆ, ವೋಲ್ಟೇಜು ಮಿತಿ ಮೀರಿದರೆ ಯಂತ್ರವನ್ನು ಬಿಡಿಸುವ ರಿಲೇ. ಇವುಗಳ ಜೊತೆ ತಂತಿಯ ತೂತುಗಳಿಗೆ ಗ್ಲ್ಯಾಂಡ್, ಬೋರ್ಡಿಗೆ ತೇವ ತಡೆಯುವ ಲೇಪ.

ತೆಗೆದ ಬೋರ್ಡು 2022ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ತೋಟದ ಬದಿಯಲ್ಲಿ ಸುಡುವುದರಿಂದ ಸೀಸ ಮತ್ತು ವಿಷಾನಿಲಗಳು ಹೊರಬೀಳುತ್ತವೆ. ಒಳ್ಳೆಯ ರಿಲೇ, ಕನೆಕ್ಟರುಗಳನ್ನು ಬಿಚ್ಚಿಟ್ಟುಕೊಂಡು ಉಳಿದದ್ದನ್ನು ನೋಂದಾಯಿತ ಮರುಸಂಸ್ಕರಣಾ ಘಟಕಕ್ಕೆ ಕೊಡುವುದು ಸರಿ.

ಅನುಭವಿ ಎಲೆಕ್ಟ್ರಿಷಿಯನ್ನರು ಕೆಲಸ ಮುಗಿಸಿದ ಮೇಲೆ ಪ್ಯಾನೆಲಿನ ಬಾಗಿಲಿನ ಒಳಬದಿಗೆ ಒಂದು ಚೀಟಿ ಅಂಟಿಸುತ್ತಾರೆ: ದಿನಾಂಕ, ಹಾಕಿದ ಬೋರ್ಡಿನ ಸಂಖ್ಯೆ, ಸೆಟ್ಟಿಂಗುಗಳು, ಅಂದು ಅಳೆದ ವೋಲ್ಟೇಜು, ಹಳೆಯದು ಹೋದ ಕಾರಣ. ಮುಂದಿನ ಸಲ ಅದೇ ಬಾಗಿಲು ತೆರೆಯುವವನಿಗೆ ವಿಚಾರಣೆಯ ನಾಲ್ಕನೆಯ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ. ಕಾರಣದ ಜಾಗ ಖಾಲಿಯಿದ್ದರೆ ಕೆಲಸ ಇನ್ನೂ ಬಾಕಿಯಿದೆ.